ದಿನ ತುಂಬದೆ ಹುಟ್ಟಿದ ಮಗು: ಆಸ್ಪತ್ರೆಯಲ್ಲಿ ಅಪಾಯವನ್ನು ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಅಥವಾ ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯು (ಕಾಯಿಲೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಬಾಗಿಲಲ್ಲಿ ಕಾಯುವ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ವಾರ್ಡಿಗೆ ಹೊಸದಾಗಿ ಬಂದ ಸ್ಟಾಫ್ ನರ್ಸ್‌ಗಳು ಕೇಳುವ ಕೆಲವನ್ನೂ ಸೇರಿಸಿದ್ದೇವೆ. ಔಷಧಿಯ ಪ್ರಮಾಣಗಳನ್ನು ಬರೆದಿರುವುದು ನಿಮಗೆ ವಿಷಯ ತಿಳಿಯಲಿ ಎಂದು. ನಿಮ್ಮ ಮಗುವಿಗೆ ಎಷ್ಟು ಬೇಕು ಎಂಬುದನ್ನು ನೋಡಿಕೊಳ್ಳುತ್ತಿರುವ ವೈದ್ಯರೇ ತೀರ್ಮಾನಿಸಬೇಕು.

ಎಷ್ಟು ವಾರಕ್ಕೆ ಮುಂಚೆ ಹುಟ್ಟಿದರೆ ದಿನ ತುಂಬದ ಮಗು ಎನ್ನುತ್ತಾರೆ?

37 ವಾರ ಪೂರ್ತಿಯಾಗುವ ಮೊದಲು ಹುಟ್ಟಿದರೆ. 34ರಿಂದ 36 ವಾರದ ಮಕ್ಕಳಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 32 ವಾರಕ್ಕಿಂತ ಮುಂಚೆ ಹುಟ್ಟಿದವರಿಗೆ ಹೆಚ್ಚು, 28ಕ್ಕಿಂತ ಮುಂಚೆಯಾದರೆ ಬಹಳ ಹೆಚ್ಚು.

ತೂಕ 1,500 ಗ್ರಾಂ ಎಂದು ಹೇಳಿದ್ದಾರೆ. ಅಪಾಯ ತಿಳಿಯಲು ಅಷ್ಟು ಸಾಲದೇ?

ಸಾಲದು. 30 ವಾರಕ್ಕೆ ಹುಟ್ಟಿ 1,500 ಗ್ರಾಂ ಇದ್ದರೆ ಆ ವಯಸ್ಸಿಗೆ ಸರಿಯಾದ ತೂಕವೇ. ಅಲ್ಲಿ ನಮ್ಮ ಚಿಂತೆ ಬಲಿಯದ ಶ್ವಾಸಕೋಶ, ಮಿದುಳಿನ ರಕ್ತಸ್ರಾವ, ಉಸಿರು ನಿಲ್ಲುವುದು. 36 ವಾರಕ್ಕೆ ಹುಟ್ಟಿಯೂ 1,500 ಗ್ರಾಂ ಮಾತ್ರ ಇದ್ದರೆ ಆ ಮಗುವಿಗೆ ಹೊಟ್ಟೆಯಲ್ಲೇ ಪೋಷಣೆ ಸಾಲದಾಗಿದೆ. ಅದರ ಉಸಿರಾಟ ಚೆನ್ನಾಗಿರಬಹುದು, ಆದರೆ ರಕ್ತದ ಸಕ್ಕರೆ ಇಳಿಯುತ್ತದೆ, ರಕ್ತ ಮಂದವಾಗಿರುತ್ತದೆ, ಮೈ ಬೇಗ ತಣ್ಣಗಾಗುತ್ತದೆ. ಆದ್ದರಿಂದ ತೂಕ ಮತ್ತು ವಾರ ಎರಡನ್ನೂ ಬೆಳವಣಿಗೆಯ ಚಾರ್ಟಿನಲ್ಲಿ ಒಟ್ಟಿಗೆ ಇಟ್ಟು ನೋಡುತ್ತೇವೆ.

ಎಷ್ಟು ವಾರ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ನಮಗೆ ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲ.

ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನ್ ಎಲ್ಲಕ್ಕಿಂತ ನಂಬಿಕೆಗೆ ಅರ್ಹ. ಅದರಲ್ಲಿ ವ್ಯತ್ಯಾಸ ಬಂದರೂ ಒಂದು ವಾರದೊಳಗೆ ಇರುತ್ತದೆ. ಏಳನೇ ತಿಂಗಳ ನಂತರದ ಸ್ಕ್ಯಾನಿನ ಲೆಕ್ಕ 3 ವಾರದಷ್ಟು ಆಚೀಚೆ ಹೋಗಬಹುದು. ಹಾಗಾಗಿ ತಾಯಿ ಕಾರ್ಡ್ ಮತ್ತು ಮೊದಲ ಸ್ಕ್ಯಾನಿನ ಕಾಗದವನ್ನು ಮನೆಯಿಂದ ತಕ್ಷಣ ತರಿಸಿ ಕೊಡಿ. ಕಣ್ಣಿನ ತಪಾಸಣೆ ಯಾವಾಗ, ತಲೆಯ ಸ್ಕ್ಯಾನ್ ಬೇಕೇ, ಹಾಲು ಹೇಗೆ ಕೊಡುವುದು ಎಲ್ಲವೂ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಎರಡೂ ಇಲ್ಲದಿದ್ದರೆ ಹೊಸ ಬ್ಯಾಲಾರ್ಡ್ ಅಂಕ ಹಾಕುತ್ತಾರೆ. ಚರ್ಮ, ಅಂಗಾಲಿನ ಗೆರೆ, ಕಿವಿಯ ಮೃದ್ವಸ್ಥಿ, ಮೊಲೆತೊಟ್ಟಿನ ಗಂಟು, ಜನನಾಂಗ ಮುಂತಾದ 6 ದೈಹಿಕ ಗುರುತು. ಮಲಗಿರುವ ಭಂಗಿ, ಮಣಿಕಟ್ಟು ಮಡಿಸುವಿಕೆ ಮುಂತಾದ 6 ಸ್ನಾಯುವಿನ ಗುರುತು. ಇದರಲ್ಲಿ ಸುಮಾರು 2 ವಾರ ಹೆಚ್ಚುಕಡಿಮೆ ಬರುವುದು ಸಹಜ. 26 ವಾರಕ್ಕಿಂತ ಚಿಕ್ಕದೆನಿಸಿದರೆ ಹುಟ್ಟಿದ 12 ಗಂಟೆಯೊಳಗೆ ನೋಡಿಬಿಡಬೇಕು. ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟಿದ್ದರೆ ಅಥವಾ ಮಗು ತುಂಬಾ ಬಳಲಿದ್ದರೆ ಸ್ನಾಯು ಸಡಿಲವಾಗಿ ಅಂಕ ತಪ್ಪಾಗಿ ಕಡಿಮೆ ಬರುತ್ತದೆ.

ಏಳು ತಿಂಗಳಿಗೆ ಹುಟ್ಟಿದರೆ ಉಳಿಯುತ್ತೆ, ಎಂಟಕ್ಕೆ ಹುಟ್ಟಿದರೆ ಉಳಿಯಲ್ಲ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ನಿಜವೇ?

ನಿಜವಲ್ಲ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಎಂಟು ತಿಂಗಳ ಮಗುವಿಗೆ ಏಳು ತಿಂಗಳ ಮಗುವಿಗಿಂತ ಬದುಕುವ ಅವಕಾಶ ಹೆಚ್ಚು. ಈ ಮಾತನ್ನು ನಂಬಿ ಚಿಕಿತ್ಸೆ ನಿಲ್ಲಿಸಿಕೊಂಡು ಮನೆಗೆ ಕರೆದೊಯ್ಯುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಮೊದಲು ವೈದ್ಯರೊಂದಿಗೆ ಕೂತು ಮಾತಾಡಿ.

ಹುಟ್ಟಿದ ಮೊದಲ ಗಂಟೆಯಲ್ಲಿ ಏನೇನು ನೋಡುತ್ತಾರೆ?

ಆ ಒಂದು ಗಂಟೆಯ ಕೆಲಸ ಮುಂದಿನ ಒಂದು ವಾರದ ದಿಕ್ಕನ್ನೇ ಬದಲಿಸಬಲ್ಲದು. ಮಗು ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿಯನ್ನು ಕನಿಷ್ಠ 1 ನಿಮಿಷ ಬಿಟ್ಟು ಕತ್ತರಿಸುತ್ತಾರೆ. 32 ವಾರಕ್ಕಿಂತ ಚಿಕ್ಕದಾದರೆ ಮೈ ಒರೆಸದೆ, ಕುತ್ತಿಗೆಯವರೆಗೆ ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು, ತಲೆಗೆ ಟೋಪಿ ಹಾಕಿ ವಾರ್ಮರ್ ಕೆಳಗೆ ಮಲಗಿಸುತ್ತಾರೆ. ಹೆರಿಗೆ ಕೋಣೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬಾರದು; ಎಸಿ, ಫ್ಯಾನ್ ಆರಿಸಿರಬೇಕು. ಆಮ್ಲಜನಕ ಮಾಪಕವನ್ನು ಬಲಗೈಗೇ ಕಟ್ಟಬೇಕು, ಮಿದುಳಿಗೆ ಹೋಗುವ ರಕ್ತದ ಅಂದಾಜು ಸಿಗುವುದು ಅಲ್ಲಿ. ಹುಟ್ಟಿ 5 ನಿಮಿಷವಾದಾಗ ಅದು ಶೇ. 80–85 ತೋರಿಸಿದರೆ ಸರಿಯಾಗಿಯೇ ಇದೆ. ಆಗಲೇ 95 ಬೇಕೆಂದು ಆಮ್ಲಜನಕ ಸುರಿಯುವುದು ತಪ್ಪು.

ಮೈ ಬಿಸಿಯನ್ನು ಕಂಕುಳಲ್ಲಿ ಅಳೆಯುತ್ತಾರೆ. 36.5ರಿಂದ 37.5 ಡಿಗ್ರಿ ಇರಬೇಕು. 36ಕ್ಕಿಂತ ಇಳಿದರೆ ಅದು ಬರೀ ಚಳಿಯ ವಿಷಯವಲ್ಲ: ಮಗು ಬಿಸಿ ಹುಟ್ಟಿಸಲು ಸಕ್ಕರೆ ಮತ್ತು ಆಮ್ಲಜನಕ ಎರಡನ್ನೂ ಖರ್ಚುಮಾಡುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಉಸಿರಾಟ ಇನ್ನಷ್ಟು ಕಷ್ಟವಾಗುತ್ತದೆ. ವಾರ್ಡಿಗೆ ಬಂದಾಗಿನ ಉಷ್ಣಾಂಶವೇ ಒಂದು ಅಪಾಯ ಸೂಚಕ. ಹೆರಿಗೆ ಕೋಣೆಯಿಂದ ಎನ್‌ಐಸಿಯುಗೆ ಸಾಗಿಸುವ ಹತ್ತು ನಿಮಿಷದಲ್ಲೇ ಇದು ಕೈ ತಪ್ಪಿ ಹೋಗುವುದು ಹೆಚ್ಚು.

ಸಕ್ಕರೆಯನ್ನು ಹಿಮ್ಮಡಿಯಿಂದ ಒಂದು ಹನಿ ತೆಗೆದು ನೋಡುತ್ತಾರೆ. ಸಾಮಾನ್ಯವಾಗಿ ಸುಮಾರು 2 ಗಂಟೆಗೆ ಮೊದಲ ಬಾರಿ, ಆಮೇಲೆ 6, 12, 24, 48, 72 ಗಂಟೆಗೆ. ಮಗು ಬಳಲಿದ್ದರೆ ಇನ್ನೂ ಬೇಗ. 100 ಮಿ.ಲೀ.ಗೆ 45 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಕ್ರಮ ಬೇಕು. ಅದುರುವಿಕೆ, ಫಿಟ್ಸ್, ಸಪ್ಪೆಯಾಗಿರುವುದು ಮುಂತಾದ ಲಕ್ಷಣಗಳಿದ್ದರೆ ಶೇ. 10ರ ಡೆಕ್ಸ್‌ಟ್ರೋಸನ್ನು ಕೆಜಿಗೆ 2 ಮಿ.ಲೀ.ನಂತೆ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು ಡ್ರಿಪ್ ಶುರುಮಾಡುತ್ತಾರೆ, ಅರ್ಧ ಗಂಟೆಯೊಳಗೆ ಮತ್ತೆ ನೋಡುತ್ತಾರೆ. ಹೊಸ ನರ್ಸ್‌ಗಳಿಗೆ ಒಂದು ಮಾತು: ಸ್ಪಿರಿಟ್ ಒಣಗುವ ಮುಂಚೆ ಚುಚ್ಚಿದರೆ, ತಣ್ಣಗಿರುವ ಹಿಮ್ಮಡಿಯನ್ನು ಹಿಂಡಿ ಹನಿ ತೆಗೆದರೆ ಬರುವ ಸಂಖ್ಯೆಯನ್ನು ನಂಬಲಾಗದು.

ಆಪ್ಗಾರ್ ಅಂಕ 5 ಬಂದಿದೆಯಂತೆ. ಮುಂದೆ ಬುದ್ಧಿ ಬೆಳವಣಿಗೆ ಕಡಿಮೆಯಾಗುತ್ತದೆಯೇ?

ಆ ಅಂಕದಿಂದ ಹಾಗೆ ಹೇಳಲು ಬರುವುದಿಲ್ಲ. ವರ್ಜೀನಿಯಾ ಆಪ್ಗಾರ್ ಅವರು 1952ರಲ್ಲಿ ರೂಪಿಸಿದ ಈ ಅಂಕ ಹುಟ್ಟಿದ 1 ಮತ್ತು 5ನೇ ನಿಮಿಷದಲ್ಲಿ ಮಗು ಹೇಗಿತ್ತು ಎಂದು ಬರೆದಿಡಲು ಇರುವುದು. ಸ್ನಾಯುಬಿಗಿ, ಪ್ರತಿಕ್ರಿಯೆ, ಉಸಿರಾಟದ ಬಲ ಎಲ್ಲವೂ ದಿನ ತುಂಬದ ಮಗುವಿಗೆ ಸಹಜವಾಗಿಯೇ ಕಡಿಮೆ. ಅದೇ ಕಾರಣಕ್ಕೆ ಅಂಕವೂ ಕಡಿಮೆ ಬರುತ್ತದೆ.

ಕ್ರಿಬ್, ಸ್ನ್ಯಾಪ್ ಎಂಬ ಅಂಕಗಳ ಬಗ್ಗೆ ಓದಿದೆವು. ಅವುಗಳಿಂದ ನಮ್ಮ ಮಗು ಬದುಕುತ್ತದೆಯೇ ಎಂದು ಹೇಳಬಹುದೇ?

ಕ್ರಿಬ್-2 ಅಂಕಕ್ಕೆ ಬೇಕಾದದ್ದು ವಾರ, ತೂಕ, ಗಂಡೋ ಹೆಣ್ಣೋ, ದಾಖಲಾದಾಗಿನ ಉಷ್ಣಾಂಶ, ರಕ್ತದ ಆಮ್ಲೀಯತೆಯ ಒಂದು ಅಳತೆ. ಇದು 32 ವಾರದವರೆಗಿನ ಮಕ್ಕಳಿಗೆ. ಸ್ನ್ಯಾಪ್-ಪಿಇ-2 ಅಂಕಕ್ಕೆ ಮೊದಲ 12 ಗಂಟೆಯ ರಕ್ತದೊತ್ತಡ, ಅತಿ ಕಡಿಮೆ ಉಷ್ಣಾಂಶ, ಆಮ್ಲಜನಕದ ಅನುಪಾತ, ಪಿಎಚ್, ಫಿಟ್ಸ್, ಮೂತ್ರದ ಪ್ರಮಾಣ, ತೂಕ, ವಾರಕ್ಕೆ ತಕ್ಕ ಬೆಳವಣಿಗೆ ಇದೆಯೇ, 5ನೇ ನಿಮಿಷದ ಆಪ್ಗಾರ್ ಎಂಬ 9 ಸಂಗತಿ ಬೇಕು.

ನೂರಾರು ಮಕ್ಕಳ ಗುಂಪನ್ನು ಹೋಲಿಸಲು, ಒಂದು ಘಟಕದ ಆರೈಕೆ ಹೇಗಿದೆ ಎಂದು ಅಳೆಯಲು ಇವು ಒಳ್ಳೆಯವು. ಒಂದೇ ಒಂದು ಮಗುವಿನ ಹಣೆಬರಹ ಹೇಳಲು ಅಲ್ಲ. ಒಂದೇ ಅಂಕದ ಇಬ್ಬರು ಮಕ್ಕಳಲ್ಲಿ ಒಬ್ಬರು ಮೂರನೇ ದಿನ ಹಾಲು ಅರಗಿಸಿಕೊಳ್ಳಬಹುದು, ಇನ್ನೊಬ್ಬರಿಗೆ ನಂಜಾಗಬಹುದು. ನಮ್ಮ ಅಭಿಪ್ರಾಯದಲ್ಲಿ ಮೊದಲ ದಿನದ ಅಂಕಕ್ಕಿಂತ ಮುಖ್ಯವಾದದ್ದು ಗಂಟೆಗಂಟೆಗೆ ಬರೆದ ಚಾರ್ಟು: ನಿನ್ನೆ ಹೇಗಿತ್ತು, ಇವತ್ತು ಯಾವ ಕಡೆಗೆ ಹೋಗುತ್ತಿದೆ ಎಂಬುದು. ವೈದ್ಯರನ್ನು ಕೇಳುವಾಗ "ಎಷ್ಟು ಪರ್ಸೆಂಟ್ ಚಾನ್ಸ್?" ಎನ್ನುವುದಕ್ಕಿಂತ "ನಿನ್ನೆಗಿಂತ ಏನು ಬದಲಾಗಿದೆ, ಮುಂದಿನ ಎರಡು ದಿನ ಯಾವುದರ ಭಯ?" ಎಂದು ಕೇಳಿದರೆ ನಿಮಗೆ ಉಪಯೋಗವಾಗುವ ಉತ್ತರ ಸಿಗುತ್ತದೆ.

ಉಸಿರಾಟದ ತೊಂದರೆ ಎಷ್ಟಿದೆ ಎಂದು ಹೇಗೆ ಗೊತ್ತಾಗುತ್ತದೆ?

ಮಗುವಿನ ಬಟ್ಟೆ ಸರಿಸಿ ಎದೆ ಹೊಟ್ಟೆಗಳನ್ನು ಒಂದು ನಿಮಿಷ ಪೂರ್ತಿ ನೋಡಬೇಕು. ಸಿಲ್ವರ್‌ಮನ್ ಅಂಕದಲ್ಲಿ ಐದು ಸಂಗತಿ: ಎದೆಯ ಮೇಲ್ಭಾಗ ಮತ್ತು ಹೊಟ್ಟೆ ಒಟ್ಟಿಗೆ ಏರುತ್ತವೆಯೇ, ಪಕ್ಕೆ ಒಳಗೆ ಸೆಳೆಯುತ್ತದೆಯೇ, ಎದೆಮೂಳೆಯ ತುದಿ ಒಳಗೆ ಹೋಗುತ್ತದೆಯೇ, ಮೂಗಿನ ಹೊಳ್ಳೆ ಅರಳುತ್ತದೆಯೇ, ಉಸಿರು ಬಿಡುವಾಗ ನರಳುವ ಸದ್ದು ಇದೆಯೇ. ಒಂದೊಂದಕ್ಕೆ 0ಯಿಂದ 2. ಆಪ್ಗಾರ್‌ಗೆ ಇದು ತಿರುಗುಮುರುಗು: ಇಲ್ಲಿ 0 ಒಳ್ಳೆಯದು, 7 ದಾಟಿದರೆ ತುರ್ತು. ಒಂದು ಎಚ್ಚರಿಕೆ: ದಣಿದುಹೋದ ಮಗುವಿನಲ್ಲಿ ಸೆಳೆತ, ಸದ್ದು ಎರಡೂ ಕಡಿಮೆಯಾಗಿ ಅಂಕ ಸುಧಾರಿಸಿದಂತೆ ಕಾಣುತ್ತದೆ. ಉಸಿರಿನ ವೇಗ, ಮೈ ಬಣ್ಣ, ಆಮ್ಲಜನಕದ ಅಗತ್ಯ ಇವುಗಳನ್ನೂ ಜೊತೆಗಿಟ್ಟು ನೋಡದಿದ್ದರೆ ಮೋಸಹೋಗುತ್ತೇವೆ.

ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಇರಿಸುವ ಸರ್ಫ್ಯಾಕ್ಟಂಟ್ ಎಂಬ ಪದಾರ್ಥ ಈ ಮಕ್ಕಳಲ್ಲಿ ಸಾಲದು. ಅದಕ್ಕೆ ಮೊದಲು ಸಿಪಾಪ್: ಮೂಗಿನ ಮೂಲಕ ಸಾಮಾನ್ಯವಾಗಿ 5–6 ಸೆಂ.ಮೀ. ನೀರಿನಷ್ಟು ಒತ್ತಡದ ಗಾಳಿ. ಸಿಪಾಪ್ ಮೇಲೆ ಇದ್ದರೂ ಶೇ. 30ಕ್ಕಿಂತ ಹೆಚ್ಚು ಆಮ್ಲಜನಕ ಬೇಕಾಗುತ್ತಾ ಹೋದರೆ ಸರ್ಫ್ಯಾಕ್ಟಂಟನ್ನು ಶ್ವಾಸನಾಳಕ್ಕೆ ಕೊಡುವ ಯೋಚನೆ ಮಾಡುತ್ತಾರೆ. ಬೇಗ ಕೊಟ್ಟಷ್ಟೂ ಕೆಲಸ ಚೆನ್ನಾಗಿ ಮಾಡುತ್ತದೆ.

ಆಮ್ಲಜನಕ ಪೂರ್ತಿ 100 ತೋರಿಸುವಂತೆ ಯಾಕೆ ಕೊಡುವುದಿಲ್ಲ?

ಹೆಚ್ಚಾದ ಆಮ್ಲಜನಕ ಬೆಳೆಯುತ್ತಿರುವ ಕಣ್ಣಿನ ಅಕ್ಷಿಪಟಲಕ್ಕೂ ಶ್ವಾಸಕೋಶಕ್ಕೂ ಹಾನಿ. ಹೊರಗಿನಿಂದ ಆಮ್ಲಜನಕ ಪಡೆಯುತ್ತಿರುವ ಮಗುವಿಗೆ ಮಾಪಕ ಶೇ. 90–95ರೊಳಗೆ ಇರಬೇಕು. ಅಲಾರಂ ಮೇಲಿನ ಗಡಿಯಲ್ಲೂ ಹೊಡೆಯುವಂತೆ ಇಟ್ಟಿರಬೇಕು. ಕೊಠಡಿಯ ಗಾಳಿಯಲ್ಲೇ ಉಸಿರಾಡುವ ಮಗುವಿಗೆ 98 ಬಂದರೆ ಚಿಂತೆಯಿಲ್ಲ.

ಮಗು ಆಗಾಗ ಉಸಿರು ನಿಲ್ಲಿಸುತ್ತದೆ ಎಂದರು. ಹೆದರಬೇಕೇ?

20 ಸೆಕೆಂಡಿಗಿಂತ ಹೆಚ್ಚು ನಿಂತರೆ, ಅಥವಾ ಅದಕ್ಕಿಂತ ಕಡಿಮೆ ನಿಂತರೂ ಹೃದಯಬಡಿತ 100ಕ್ಕಿಂತ ಇಳಿದರೆ, ಮೈ ನೀಲಿಯಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿತಿಲ್ಲದ್ದರಿಂದ ಹೀಗಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಗರ್ಭದ ಲೆಕ್ಕದಲ್ಲಿ 36–37 ವಾರವಾಗುವ ಹೊತ್ತಿಗೆ ಇದು ನಿಲ್ಲುತ್ತದೆ. ಕೆಫೀನ್ ಸಿಟ್ರೇಟ್ ಕೊಡುತ್ತಾರೆ: ಮೊದಲು ಕೆಜಿಗೆ 20 ಮಿ.ಗ್ರಾಂ., ಆಮೇಲೆ ದಿನಕ್ಕೊಮ್ಮೆ ಕೆಜಿಗೆ 5–10 ಮಿ.ಗ್ರಾಂ. ಎಷ್ಟು ಸಲ ನಿಂತಿತು, ಅಂಗಾಲು ಉಜ್ಜಿದರೆ ಸಾಕಾಯಿತೇ ಅಥವಾ ಬ್ಯಾಗ್ ಹಿಡಿದು ಉಸಿರು ಕೊಡಬೇಕಾಯಿತೇ ಎಂದು ಪ್ರತಿ ಸಲವೂ ಬರೆಯಬೇಕು. ನಾಲ್ಕು ದಿನ ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಲು ಶುರುಮಾಡಿದರೆ ಅದಕ್ಕೆ ಎಳೆತನವನ್ನೇ ಕಾರಣವೆಂದು ಬಿಡಬಾರದು. ನಂಜು, ಸಕ್ಕರೆ ಇಳಿತ, ರಕ್ತಹೀನತೆ, ಮಿದುಳಿನ ರಕ್ತಸ್ರಾವ ಎಲ್ಲವನ್ನೂ ಹುಡುಕಬೇಕು.

ನಂಜು ಆಗಿದೆಯೇ ಎಂದು ಯಾಕೆ ಖಚಿತವಾಗಿ ಹೇಳುವುದಿಲ್ಲ?

ದಿನ ತುಂಬದ ಮಗುವಿಗೆ ನಂಜಾದಾಗ ಜ್ವರ ಬರಲೇಬೇಕೆಂದಿಲ್ಲ, ಎಷ್ಟೋ ಸಲ ಮೈ ತಣ್ಣಗಾಗುತ್ತದೆ. ಹಾಲು ಬೇಡವಾಗುವುದು, ಚರ್ಮ ಬೂದುಬಣ್ಣವಾಗುವುದು, ಎದೆಮೂಳೆಯ ಮೇಲೆ 5 ಸೆಕೆಂಡ್ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚಾಗುವುದು ಮೊದಲ ಸುಳಿವುಗಳು. "ಈ ಮಗು ಇವತ್ತು ಎಂದಿನಂತಿಲ್ಲ" ಎಂದು ತಾಯಿಯೋ ರಾತ್ರಿ ಪಾಳಿಯ ನರ್ಸೋ ಹೇಳಿದರೆ ಆ ಮಾತನ್ನು ನಾವು ಪರೀಕ್ಷೆಯ ಫಲಿತಾಂಶದಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ.

ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ರಕ್ತವನ್ನು ಆ್ಯಂಟಿಬಯೋಟಿಕ್‌ಗೆ ಮುಂಚೆ ತೆಗೆಯಬೇಕು, ಸಾಧ್ಯವಾದರೆ 1 ಮಿ.ಲೀ. ಇರಬೇಕು. ನಂಜಾದಾಗ ರಕ್ತದಲ್ಲಿ ಹೆಚ್ಚಾಗುವ ಸಿಆರ್‌ಪಿ ಎಂಬ ಅಂಶ ಏರಲು ಹಲವು ಗಂಟೆ ಬೇಕು. ಮೊದಲ ವರದಿ ನಾರ್ಮಲ್ ಬಂದರೆ ನಂಜಿಲ್ಲ ಎಂದರ್ಥವಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ನಂಜಿನ ಅಪಾಯ ಲೆಕ್ಕ ಹಾಕುವ ಕೈಸರ್ ಕ್ಯಾಲ್ಕುಲೇಟರ್ ಇರುವುದು 34 ವಾರ ಮತ್ತು ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ, 30 ವಾರದ ಮಗುವಿನ ಲೆಕ್ಕ ಅದರಲ್ಲಿ ಹಾಕಬಾರದು. ಹಾಗೆಯೇ, ಕಲ್ಚರ್‌ನಲ್ಲಿ ಏನೂ ಬೆಳೆಯದೆ ಮಗುವೂ ಚೆನ್ನಾಗಿದ್ದರೆ ಆ್ಯಂಟಿಬಯೋಟಿಕ್ ನಿಲ್ಲಿಸುವುದೂ ಅಷ್ಟೇ ಮುಖ್ಯ. ಬೇಡದೆ ಮುಂದುವರಿಸಿದರೆ ಕರುಳಿಗೆ ಕೆಡುಕು. ಒಳಗೆ ಬರುವಾಗ ಉಂಗುರ, ಬಳೆ, ವಾಚು ತೆಗೆದು ಮೊಣಕೈವರೆಗೆ ಸೋಪು ಹಾಕಿ ತೊಳೆಯಿರಿ.

ತಲೆಯ ಸ್ಕ್ಯಾನ್ ಯಾಕೆ? ಅದೂ ಮತ್ತೆ ಮತ್ತೆ?

32 ವಾರಕ್ಕಿಂತ ಮುಂಚೆ ಹುಟ್ಟಿದವರ ಮಿದುಳಿನ ಒಳಕುಹರಗಳ ಪಕ್ಕದ ರಕ್ತನಾಳಗಳು ಬಹಳ ನಾಜೂಕು. ಒಡೆಯುವುದಾದರೆ ಹೆಚ್ಚಾಗಿ ಮೊದಲ 72 ಗಂಟೆಯಲ್ಲೇ. ನೆತ್ತಿಯ ಮೇಲೆ ಇಟ್ಟು ಮಾಡುವ ಅಲ್ಟ್ರಾಸೌಂಡಿನಲ್ಲಿ ವಿಕಿರಣವಿಲ್ಲ, ಮಗುವನ್ನು ಕದಲಿಸುವುದೂ ಬೇಡ. 1 ಮತ್ತು 2ನೇ ಹಂತದ ರಕ್ತಸ್ರಾವವಾದ ಹೆಚ್ಚಿನ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. 3 ಮತ್ತು 4ರಲ್ಲಿ ಚಿಂತೆ ಹೆಚ್ಚು. ಮೊದಲ ವಾರದ ಸ್ಕ್ಯಾನ್ ಚೆನ್ನಾಗಿದೆಯೆಂದು ನಂತರದ್ದನ್ನು ಬಿಡಬೇಡಿ. ಮಿದುಳಿನ ಬಿಳಿ ಭಾಗದ ಹಾನಿ ಕಣ್ಣಿಗೆ ಬೀಳುವುದು ಕೆಲವು ವಾರಗಳ ಮೇಲೆ.

ಎರಡೇ ಮಿ.ಲೀ. ಹಾಲು ಕೊಡುತ್ತಿದ್ದಾರೆ. ಮಗುವಿಗೆ ಹಸಿವಾಗುವುದಿಲ್ಲವೇ?

ಲೆಕ್ಕ ನೋಡಿ. 1,200 ಗ್ರಾಂ ಮಗುವಿಗೆ ಕೆಜಿಗೆ ದಿನಕ್ಕೆ 20 ಮಿ.ಲೀ. ಎಂದರೆ 24 ಮಿ.ಲೀ.; 2 ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ 2 ಮಿ.ಲೀ. ಉಳಿದ ನೀರು, ಸಕ್ಕರೆ, ಪೋಷಕಾಂಶ ಡ್ರಿಪ್ಪಿನಲ್ಲಿ ಹೋಗುತ್ತಿರುತ್ತದೆ. ಅರಗಿದಂತೆ ದಿನಕ್ಕೆ ಕೆಜಿಗೆ 20–30 ಮಿ.ಲೀ. ಏರಿಸುತ್ತಾ ಸುಮಾರು 150–180ಕ್ಕೆ ತಲುಪಿಸುತ್ತಾರೆ. ಎಳೆಯ ಕರುಳು ಊದಿ ಕೊಳೆಯುವ ಕಾಯಿಲೆಯ ಭಯವಿದೆ. ಅದು ಸಾಮಾನ್ಯವಾಗಿ ಮೊದಲ ದಿನಗಳಲ್ಲಲ್ಲ, ಹಾಲು ಏರುತ್ತಿರುವ ಎರಡನೇ ಮೂರನೇ ವಾರದಲ್ಲಿ, ಮನೆಯವರು ನಿರಾಳವಾಗುವ ಹೊತ್ತಿಗೆ ಬರುತ್ತದೆ. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಹೊಟ್ಟೆಯ ನಳಿಕೆಯಲ್ಲಿ ಹಸಿರು ದ್ರವ ಬರುವುದು, ಮಲದಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ ಹಾಲು ನಿಲ್ಲಿಸಿ ಎಕ್ಸ್‌ರೇ ತೆಗೆಸುತ್ತಾರೆ.

ಇದನ್ನು ತಡೆಯಲು ನಮ್ಮ ಕೈಯಲ್ಲಿರುವ ಅತ್ಯುತ್ತಮ ಮದ್ದು ತಾಯಿಯ ಹಾಲು. ಸಿಸೇರಿಯನ್ ಆಗಿದ್ದರೂ ಮೊದಲ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಿಂಡಲು ಶುರುಮಾಡಿ, ರಾತ್ರಿಯೂ ಸೇರಿ ದಿನಕ್ಕೆ 8–10 ಸಲ. ಮೊದಲು ನಾಲ್ಕೈದು ಹನಿಯಷ್ಟೇ ಬಂದರೂ ಆ ಹಳದಿ ಹಾಲನ್ನು ಚೆಲ್ಲಬೇಡಿ, ನರ್ಸ್ ಕೈಗೆ ಕೊಡಿ. ತಾಯಿಯ ಹಾಲು ಸಾಲದಿದ್ದರೆ ಎದೆಹಾಲಿನ ಬ್ಯಾಂಕಿನ ಪಾಶ್ಚರೀಕರಿಸಿದ ಹಾಲು ಪುಡಿಹಾಲಿಗಿಂತ ಒಳ್ಳೆಯದು. ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರ ಆಗಬೇಕು. ಅಲ್ಲಿಯವರೆಗೆ ನಳಿಕೆ, ಆಮೇಲೆ ಒಳಲೆ, ಆಮೇಲೆ ಎದೆ. ಬಾಟಲಿ ಬೇಡ.

ದಿನಾ ರಕ್ತ ತೆಗೆಯುತ್ತಾರೆ. ಮೈಯಲ್ಲಿ ಇರುವುದೇ ಎಷ್ಟು?

ಕೆಜಿಗೆ ಸುಮಾರು 90 ಮಿ.ಲೀ. ಒಂದು ಕೆಜಿ ಮಗುವಿನಿಂದ 1 ಮಿ.ಲೀ. ತೆಗೆದರೆ ಒಟ್ಟು ರಕ್ತದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋದಂತೆ. ನಿಮ್ಮ ಆತಂಕ ಸರಿಯಾದದ್ದೇ. ಪರೀಕ್ಷೆಗಳನ್ನು ಒಟ್ಟುಗೂಡಿಸುವುದು, ತೆಗೆದ ಪ್ರಮಾಣವನ್ನು ಚಾರ್ಟಿನಲ್ಲಿ ಬರೆಯುವುದು ಒಳ್ಳೆಯ ಘಟಕದ ಲಕ್ಷಣ. ಈ ವರದಿ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ನೀವು ಕೇಳಬಹುದು.

ಹುಟ್ಟಿದಾಗಿನ ತೂಕಕ್ಕಿಂತ ಇಳಿದಿದೆಯಲ್ಲ?

ಮೊದಲ ವಾರದಲ್ಲಿ ಶೇ. 10–15ರವರೆಗೆ ಇಳಿಯುವುದುಂಟು, 10–14 ದಿನಕ್ಕೆ ಮರಳುತ್ತದೆ. ಆಮೇಲೆ ದಿನಕ್ಕೆ ಕೆಜಿಗೆ ಸುಮಾರು 15 ಗ್ರಾಂ ಏರಬೇಕು.

ಕಾಮಾಲೆಗೆ ದೀಪದ ಕೆಳಗೆ ಇಟ್ಟಿದ್ದಾರೆ. ಪಕ್ಕದ ಮಗುವಿಗೆ ಇಷ್ಟೇ ಇದ್ದರೂ ಇಟ್ಟಿಲ್ಲ.

ಬಿಲಿರುಬಿನ್ ಎಷ್ಟಾದರೆ ಚಿಕಿತ್ಸೆ ಎಂಬುದು ವಾರಕ್ಕೂ ಹುಟ್ಟಿ ಎಷ್ಟು ಗಂಟೆಯಾಯಿತು ಎಂಬುದಕ್ಕೂ ತಕ್ಕಂತೆ ಬದಲಾಗುತ್ತದೆ. ಚಿಕ್ಕ ಮಗುವಿನ ಮಿದುಳಿಗೆ ಕಡಿಮೆ ಮಟ್ಟದಲ್ಲೇ ಅಪಾಯ, ಆದ್ದರಿಂದ ಬೇಗ ಶುರುಮಾಡುತ್ತಾರೆ.

ಇಷ್ಟು ಚಿಕ್ಕ ಮಗುವನ್ನು ಎದೆಗೆ ಕಟ್ಟಿಕೊಂಡರೆ ಅಪಾಯವಲ್ಲವೇ?

ಕಟ್ಟಿಕೊಳ್ಳದಿರುವುದರಲ್ಲೇ ಹೆಚ್ಚು ಅಪಾಯ. ಭಾರತವೂ ಸೇರಿ ಐದು ದೇಶಗಳಲ್ಲಿ 1,000ದಿಂದ 1,799 ಗ್ರಾಂ ತೂಕದ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗು ಪೂರ್ತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದೊಡನೆ ಕಾಂಗರೂ ಆರೈಕೆ ಶುರುಮಾಡಿದಾಗ ಮೊದಲ 28 ದಿನದ ಸಾವು ಸುಮಾರು ಕಾಲುಭಾಗ ಕಡಿಮೆಯಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಶಿಫಾರಸು ಮಾಡಿತು: ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟು ಹೆಚ್ಚು. ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ವ್ಯಾಪಕವಾಗಿ ಜಾರಿಗೆ ತಂದು ನೋಡಿದ್ದಾರೆ. ಮಗುವಿಗೆ ಟೋಪಿ, ನ್ಯಾಪ್ಕಿನ್, ಕಾಲುಚೀಲ ಮಾತ್ರ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ತಲೆ ಒಂದು ಪಕ್ಕಕ್ಕೆ, ಕುತ್ತಿಗೆ ತುಸು ಮೇಲಕ್ಕೆ. ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟುತ್ತದೆ, ಇದೊಂದನ್ನು ಸದಾ ಗಮನಿಸಿ. ಬಾಣಂತಿ ಮಲಗಿದಾಗ ತಂದೆ, ಅಜ್ಜಿ, ಅತ್ತೆ ಯಾರಾದರೂ ಕಟ್ಟಿಕೊಳ್ಳಬಹುದು.

ಕಣ್ಣಿನ ತಪಾಸಣೆ ಡಿಸ್ಚಾರ್ಜ್ ಆದ ಮೇಲೆ ನಿಧಾನಕ್ಕೆ ಮಾಡಿಸಬಹುದೇ?

ಬೇಡ. ಈ ಪುಟದಲ್ಲಿ ನೆನಪಿಡಲೇಬೇಕಾದ ಒಂದು ದಿನಾಂಕವಿದ್ದರೆ ಅದು ಇದು: 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಪ್ರತಿ ಮಗುವಿಗೂ ಹುಟ್ಟಿದ 30 ದಿನದೊಳಗೆ ಅಕ್ಷಿಪಟಲದ ತಪಾಸಣೆ. 28 ವಾರಕ್ಕಿಂತ ಮುಂಚಿನ ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ 2–3 ವಾರಕ್ಕೇ. 34–36 ವಾರದವರಿಗೂ ಹೆಚ್ಚು ಆಮ್ಲಜನಕ, ನಂಜು, ರಕ್ತ ಕೊಟ್ಟಿರುವುದು ಮುಂತಾದ ಕಾರಣವಿದ್ದರೆ ಬೇಕು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಚಿಕಿತ್ಸೆ ಬೇಕೆಂದು ಕಂಡರೆ ಲೇಸರ್ ಅಥವಾ ಇಂಜೆಕ್ಷನ್ ಎರಡು ಮೂರು ದಿನದೊಳಗೆ ಆಗಬೇಕು. ತಡವಾದರೆ ಹೋದ ದೃಷ್ಟಿ ಬಾರದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ನಿಮ್ಮ ಆಸ್ಪತ್ರೆಗೆ ಅಂಥ ತಂಡ ಯಾವ ದಿನ ಬರುತ್ತದೆ ಎಂದು ಕೇಳಿಕೊಳ್ಳಿ. ಒಮ್ಮೆ ನೋಡಿದರೆ ಮುಗಿಯದು, ಇನ್ನು ಬರಬೇಕಿಲ್ಲ ಎಂದು ಕಣ್ಣಿನ ವೈದ್ಯರು ಹೇಳುವವರೆಗೆ ಹೋಗುತ್ತಲೇ ಇರಬೇಕು. ಶ್ರವಣ ಪರೀಕ್ಷೆಯನ್ನೂ ಡಿಸ್ಚಾರ್ಜ್‌ಗೆ ಮುಂಚೆ ಮಾಡಿಸಿ.

ನಮ್ಮ ತಾಲ್ಲೂಕಿನಲ್ಲಿ ಎನ್‌ಐಸಿಯು ಇಲ್ಲ. ನೋವು ಬೇಗ ಶುರುವಾದರೆ ಏನು ಮಾಡುವುದು?

ಸಮಯವಿದ್ದರೆ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿ. ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. 24ರಿಂದ 34 ವಾರದೊಳಗಾದರೆ ತಾಯಿಗೆ ಡೆಕ್ಸಾಮೆಥಸೋನ್ ಕೊಡುತ್ತಾರೆ: 6 ಮಿ.ಗ್ರಾಂ., 12 ಗಂಟೆಗೊಮ್ಮೆ, 4 ಸಲ. ಮಗುವಿನ ಶ್ವಾಸಕೋಶ ಬಲಿಯಲು ಇದು ಬೇಕು. ಮೊದಲ ಡೋಸನ್ನು ಕಳಿಸುವ ಮುಂಚೆಯೇ ಕೊಟ್ಟು, ಕೊಟ್ಟ ಸಮಯವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಹುಟ್ಟಿದ ಮಗು 1,800 ಗ್ರಾಂಗಿಂತ ಕಡಿಮೆ ಅಥವಾ 34 ವಾರಕ್ಕಿಂತ ಚಿಕ್ಕದಾದರೆ ಎಸ್‌ಎನ್‌ಸಿಯುಗೆ ಸೇರಿಸಬೇಕು. 108ರಲ್ಲಿ ಕರೆದೊಯ್ಯುವಾಗ ಎದೆಗೆ ಕಟ್ಟಿಕೊಂಡು ಹೋಗಿ, ಹೊರಡುವ ಮುಂಚೆ ಉಷ್ಣಾಂಶ ಮತ್ತು ಸಕ್ಕರೆ ನೋಡಿಸಿ, ಹೋಗುವ ಆಸ್ಪತ್ರೆಗೆ ಫೋನ್ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಗುವಿನ ಚಿಕಿತ್ಸೆ, ಸಾಗಣೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಮನೆಗೆ ಯಾವಾಗ ಕಳಿಸುತ್ತಾರೆ? ಮನೆಯಲ್ಲಿ ಏನನ್ನು ನೋಡಿಕೊಳ್ಳಬೇಕು?

ಉಸಿರು ನಿಲ್ಲುವುದು 5–7 ದಿನದಿಂದ ಇಲ್ಲ, ತೊಟ್ಟಿಲಲ್ಲಿ ಅಥವಾ ಎದೆಯ ಮೇಲೆ ಮೈ ಬಿಸಿ ಉಳಿಯುತ್ತದೆ, ಹಾಲನ್ನೆಲ್ಲ ಬಾಯಿಂದಲೇ ಕುಡಿಯುತ್ತದೆ, ಮೂರು ದಿನ ಸತತ ತೂಕ ಏರಿದೆ, ತಾಯಿಗೆ ತಾನೇ ನೋಡಿಕೊಳ್ಳುವ ಧೈರ್ಯ ಬಂದಿದೆ: ಇಷ್ಟೂ ಆದ ಮೇಲೆ. ವಿಟಮಿನ್ ಡಿ 400 ಯೂನಿಟ್ ಮತ್ತು ಕಬ್ಬಿಣದ ಹನಿ ಬರೆದುಕೊಡುತ್ತಾರೆ, ತಪ್ಪಿಸಬೇಡಿ. ಲಸಿಕೆಗೆ ಹುಟ್ಟಿದ ದಿನದಿಂದಲೇ ಲೆಕ್ಕ. ಕತ್ತು ನಿಲ್ಲುವುದು, ಕೂರುವುದು ಇವಕ್ಕೆ ಮಾತ್ರ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಿ, ಎರಡು ವರ್ಷದವರೆಗೆ.

ಸಾಂಬ್ರಾಣಿ ಹೊಗೆ ಈ ಮಕ್ಕಳ ಶ್ವಾಸಕೋಶಕ್ಕೆ ವಿಷ. ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ, ಮೂಗು ಕಿವಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ ಯಾವುದೂ ಬೇಡ. ಅಜ್ಜಿಯಂದಿರಿಗೆ ಬೇಸರವಾಗದಂತೆ ಡಿಸ್ಚಾರ್ಜ್ ದಿನ ಅವರನ್ನೂ ಕರೆತನ್ನಿ, ನಾವೇ ಹೇಳುತ್ತೇವೆ.

ಹಾಲು ಬಿಟ್ಟರೆ ಅಥವಾ ಎಂದಿಗಿಂತ ಅರ್ಧ ಮಾತ್ರ ಕುಡಿದರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು ಎಳೆದರೆ, ಪಕ್ಕೆ ಸೆಳೆದರೆ, ಉಸಿರು ನಿಂತರೆ ಅಥವಾ ತುಟಿ ನೀಲಿಯಾದರೆ, ಕಂಕುಳಲ್ಲಿ 36ಕ್ಕಿಂತ ಕಡಿಮೆ ಅಥವಾ 37.5ಕ್ಕಿಂತ ಹೆಚ್ಚು ಬಿಸಿಯಿದ್ದರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲಿನವರೆಗೆ ಹಳದಿಯಾದರೆ ಬೆಳಗಾಗುವವರೆಗೆ ಕಾಯಬೇಡಿ. ಮಗುವನ್ನು ಎದೆಗೆ ಕಟ್ಟಿಕೊಂಡು, ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ಆ ಗಳಿಗೆಯಲ್ಲೇ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ನಿಮ್ಮೂರ ಆಶಾ ಕಾರ್ಯಕರ್ತೆಗೂ ತಿಳಿಸಿ.